ಅಹ್ಮದ್ ಶಾ ವಲಿ: ಬಲ ಇದ್ದದ್ದು ಮಣ್ಣಿನಲ್ಲೋ, ರಕ್ತದಲ್ಲೋ, ಬಿಲ್ಲಿನಲ್ಲೋ?

ಬೀದರ ಪಟ್ಟಣದಿಂದ ಪೂರ್ವಕ್ಕೆ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿರುವ ಅಷ್ಟೂರ ಬಹಮನಿ ಸುಲ್ತಾನರ ಗುಂಬಜ್‌ಗಳ ಊರು. ಅವುಗಳಲ್ಲಿ ಹೆಚ್ಚು ಜನ ಕೈಮುಗಿಯುವುದು ಒಂಬತ್ತನೇ ಸುಲ್ತಾನ ಅಹ್ಮದ್ ಶಾನ ಗುಂಬಜ್‌ಗೆ. 1422ರಿಂದ 1436ರವರೆಗೆ ಆಳಿದ ಈ ದೊರೆಯನ್ನು ಮುಸ್ಲಿಮರು ವಲಿ, ಅಂದರೆ ಸಂತ ಎಂದು ಕರೆಯುತ್ತಾರೆ. ಲಿಂಗಾಯತ ಭಕ್ತರು ಅಲ್ಲಮಪ್ರಭುವಿನ ರೂಪ ಎಂದು ನಂಬುತ್ತಾರೆ. ಸಂತನೆಂದು ಹೆಸರಾದ ಈ ಸುಲ್ತಾನನ ಬದುಕಿನಲ್ಲಿ ನಮ್ಮ ಕಾಲದ ಒಂದು ಪ್ರಶ್ನೆಗೆ ಉತ್ತರವಿದೆ. ಮೈಯ ಆಟದಲ್ಲಿ ಗೆಲ್ಲಿಸುವುದು ಯಾವುದು? ಹುಟ್ಟಿದ ನೆಲವೇ, ಹುಟ್ಟಿದ ಕುಲವೇ, ಕೈಯಲ್ಲಿರುವ ಉಪಕರಣವೇ, ಇಲ್ಲ ಬೇರೆ ಏನಾದರೂ ಇದೆಯೇ? ಈ ಲೇಖನದಲ್ಲಿ ನಾವು ಅಹ್ಮದ್ ಶಾನ ಜೀವನವನ್ನು ಅವನ ಸೈನ್ಯ ಬಳಸಿದ ಬಿಲ್ಲಿನ ಜೊತೆಗೆ ಇಟ್ಟು ನೋಡೋಣ.

ನಾಯಿಯನ್ನು ಅಟ್ಟಿದ ಪ್ರಾಣಿಯ ಕತೆ

ಮೊದಲು ಒಂದು ಜನಪ್ರಿಯ ನಂಬಿಕೆಯನ್ನು ಪರೀಕ್ಷಿಸೋಣ. ಅಹ್ಮದ್ ಶಾ ಬೀದರ ಸೀಮೆಯಲ್ಲಿ ಬೇಟೆಗೆ ಹೋಗಿದ್ದಾಗ, ಅಟ್ಟಿಸಿಕೊಂಡು ಬಂದ ಬೇಟೆನಾಯಿಗೆ ನರಿಯೊಂದು ತಿರುಗಿಬಿತ್ತಂತೆ. ಇದು ಗಂಡುಮೆಟ್ಟಿದ ನೆಲ ಎಂದು ಮೆಚ್ಚಿದ ಸುಲ್ತಾನ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದನಂತೆ.

ಇದೇ ಕತೆಯನ್ನು ನಾವು ಬೇರೆ ಊರುಗಳಲ್ಲೂ ಕೇಳಿದ್ದೇವೆ. ಹಂಪಿಯಲ್ಲಿ ಮೊಲ ನಾಯಿಯನ್ನು ಅಟ್ಟಿತು. ಬೆಂಗಳೂರಿನಲ್ಲಿ ಕೆಂಪೇಗೌಡರ ಮುಂದೆಯೂ ಮೊಲ ನಾಯಿಯನ್ನು ಅಟ್ಟಿತು. ಗುಜರಾತಿನ ಅಹಮದಾಬಾದಿನಲ್ಲೂ ಅದೇ ನಡೆಯಿತು. ಇಷ್ಟು ಊರುಗಳಲ್ಲಿ ಒಂದೇ ಘಟನೆ ನಡೆದಿರಲು ಸಾಧ್ಯವಿಲ್ಲ. ಇದು ರಾಜಧಾನಿಯಿಂದ ರಾಜಧಾನಿಗೆ ಹೋದ ಜನಪದ ಕತೆ. ಪ್ರಾಣಿಶಾಸ್ತ್ರದ ಪ್ರಕಾರವೂ ಇದರಲ್ಲಿ ಪವಾಡವಿಲ್ಲ. ತಪ್ಪಿಸಿಕೊಳ್ಳಲು ದಾರಿ ಕಾಣದ ಪ್ರಾಣಿ ಯಾವ ಮಣ್ಣಿನ ಮೇಲಾದರೂ ತಿರುಗಿಬೀಳುತ್ತದೆ. ಬೀದರ ರಾಜಧಾನಿಯಾಗಲು ಇದಕ್ಕಿಂತ ಗಟ್ಟಿ ಕಾರಣಗಳಿದ್ದವು. ಅದು ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿದೆ, ಕಾಯಲು ಅನುಕೂಲ. ಜಂಬಿಟ್ಟಿಗೆ ಕಲ್ಲಿನ ಅಡಿಯಲ್ಲಿ ನೀರಿನ ಸೆಲೆಗಳಿವೆ. ಕನ್ನಡ, ತೆಲುಗು, ಮರಾಠಿ ಸೀಮೆಗಳು ಕೂಡುವ ಜಾಗವೂ ಹೌದು.

ಆದರೂ ಈ ಕತೆಯನ್ನು ತಳ್ಳಿಹಾಕದೆ ನೆನಪಿನಲ್ಲಿ ಇಟ್ಟುಕೊಳ್ಳೋಣ. ಬಲ ಬರುವುದು ಮಣ್ಣಿನಿಂದ ಎನ್ನುವುದು ಅದರ ಒಳಗಿರುವ ನಂಬಿಕೆ. ಆ ಮಾತು ಮುಂದೆ ಬೇರೆ ರೂಪದಲ್ಲಿ ಮತ್ತೆ ಬರುತ್ತದೆ.

ಎತ್ತುಗಳು ಕುದುರೆಗಳಂತೆ ಕಂಡ ದಿನ

ಅಹ್ಮದ್ ಶಾ ಸುಲಭವಾಗಿ ಪಟ್ಟಕ್ಕೆ ಬಂದವನಲ್ಲ. ಅವನ ಅಣ್ಣ ಫಿರೋಜ್ ಶಾ 1397ರಿಂದ ಆಳುತ್ತಿದ್ದ. ಕೊನೆಗಾಲದಲ್ಲಿ ವಿಜಯನಗರದ ಎದುರು ಪಾನಗಲ್ಲಿನಲ್ಲಿ ಸೋತು, ಕಾಯಿಲೆ ಬಿದ್ದ ಫಿರೋಜ್, ತನ್ನ ಮಗನಿಗೆ ಪಟ್ಟ ಸಿಗಲೆಂದು ತಮ್ಮನನ್ನು ದಾರಿಯಿಂದ ಸರಿಸಲು ನೋಡಿದ. ಅಹ್ಮದ್ ಕಲಬುರಗಿಯಿಂದ ತಪ್ಪಿಸಿಕೊಂಡ. ಆಗ ಅವನ ಜೊತೆಗೆ ನಿಂತವನು ಬಸ್ರಾ ಮೂಲದ ಕುದುರೆ ವ್ಯಾಪಾರಿ ಖಲಫ್ ಹಸನ್.

ಈ ಭಾಗದ ವಿವರಗಳು ಸಿಗುವುದು ಮುಖ್ಯವಾಗಿ ಫೆರಿಷ್ತಾನ ಚರಿತ್ರೆಯಿಂದ. ಅವನು ಬಿಜಾಪುರದಲ್ಲಿ ಕುಳಿತು ಬರೆದದ್ದು 1600ರ ನಂತರ, ಅಂದರೆ ಘಟನೆಗಳು ನಡೆದು ಸುಮಾರು 180 ವರ್ಷಗಳಾದ ಮೇಲೆ. ಹೀಗಾಗಿ ಅವನು ಕೊಡುವ ಸಂಖ್ಯೆಗಳನ್ನು ಎಚ್ಚರದಿಂದ ಓದಬೇಕು. ಅವನು ಹೇಳುವಂತೆ, ಬೆನ್ನಟ್ಟಿ ಬಂದ ಸೈನ್ಯದ ಎದುರು ಅಹ್ಮದನ ಕಡೆ ಜನ ಕಡಿಮೆ ಇದ್ದರು. ಖಲಫ್ ಹಸನ್ ಬಂಜಾರರ ಎತ್ತುಗಳನ್ನು ತಂದು, ಅವುಗಳ ಮೇಲೆ ಬಾವುಟ ಹಿಡಿದ ಆಳುಗಳನ್ನು ಕೂರಿಸಿ, ದೂರದಲ್ಲಿ ನಿಲ್ಲಿಸಿದ. ಧೂಳಿನ ನಡುವೆ ಅದು ದೊಡ್ಡ ಕುದುರೆ ಸೈನ್ಯದಂತೆ ಕಂಡಿತು. ಎದುರಾಳಿಗಳು ದಿಕ್ಕೆಟ್ಟರು. 1422ರ ಸೆಪ್ಟೆಂಬರಿನಲ್ಲಿ ಅಹ್ಮದ್ ಸುಲ್ತಾನನಾದ. ಕೆಲವೇ ದಿನಗಳಲ್ಲಿ ಫಿರೋಜ್ ತೀರಿಕೊಂಡ. ಖಲಫ್ ಹಸನನಿಗೆ ಮಲಿಕ್-ಉತ್-ತುಜ್ಜಾರ್, ಅಂದರೆ ವ್ಯಾಪಾರಿಗಳ ಒಡೆಯ ಎಂಬ ಬಿರುದು ಸಿಕ್ಕಿತು.

ಒಬ್ಬ ಕುದುರೆ ವ್ಯಾಪಾರಿ ರಾಜ್ಯದ ಮುಖ್ಯಸ್ಥರಲ್ಲಿ ಒಬ್ಬನಾದದ್ದು ಆಕಸ್ಮಿಕವಲ್ಲ. ಆ ಕಾಲದಲ್ಲಿ ಯುದ್ಧದ ಒಳ್ಳೆಯ ಕುದುರೆಗಳು ಅರಬ್ ಮತ್ತು ಪರ್ಷಿಯಾದಿಂದ ಹಡಗಿನಲ್ಲಿ ಬರುತ್ತಿದ್ದವು. ಕುದುರೆಯ ಜೊತೆಗೆ ಸವಾರಿಯ ಸಲಕರಣೆ ಬರುತ್ತಿತ್ತು, ಸವಾರರೂ ಬರುತ್ತಿದ್ದರು. ವ್ಯಾಪಾರದ ದಾರಿಯೇ ತಂತ್ರಜ್ಞಾನದ ದಾರಿಯೂ ಆಗಿತ್ತು.

ದನದ ದೊಡ್ಡಿಯಲ್ಲಿ ಸಿಕ್ಕಿಕೊಂಡ ಸುಲ್ತಾನ

ಪಟ್ಟಕ್ಕೆ ಬಂದ ಹೊಸತರಲ್ಲಿ ಅಹ್ಮದ್ ಶಾ ವಿಜಯನಗರದ ಮೇಲೆ ದಂಡೆತ್ತಿ ಹೋದ. ಆ ದಂಡಯಾತ್ರೆಯ ನಡುವೆಯೂ ಬೇಟೆಯ ಹುಚ್ಚು ಬಿಡಲಿಲ್ಲ. ಒಂದು ದಿನ ಜಿಂಕೆಯನ್ನು ಬೆನ್ನಟ್ಟುತ್ತ ಬೀಡಿನಿಂದ ಬಹಳ ದೂರ ಹೋಗಿಬಿಟ್ಟ. ಇದನ್ನು ಕಂಡ ವಿಜಯನಗರದ ಕುದುರೆ ಸವಾರರು ಸುತ್ತುವರಿದರು. ಸುಲ್ತಾನ ಓಡಿ ಹೋಗಿ ಸೇರಿದ್ದು ಮಣ್ಣಿನ ಗೋಡೆಯ ಒಂದು ದನದ ದೊಡ್ಡಿಯನ್ನು.

ಅಲ್ಲಿ ಅವನ ಜೀವ ಉಳಿಸಿದ್ದು ಜೊತೆಗಿದ್ದ ಪಶ್ಚಿಮ ಏಷ್ಯಾ ಮೂಲದ ಬಿಲ್ಲುಗಾರರ ಒಂದು ಸಣ್ಣ ಪಡೆ. ಸಂಖ್ಯೆಯಲ್ಲಿ ಎಷ್ಟೋ ಪಾಲು ಹೆಚ್ಚಿದ್ದ ಶತ್ರುಗಳನ್ನು ಅವರು ಬಾಣಗಳಿಂದ ತಡೆದು ನಿಲ್ಲಿಸಿದರು. ಅಷ್ಟರಲ್ಲಿ ಬೀಡಿನಿಂದ ಸಹಾಯ ಬಂತು.

ಬದುಕಿ ಬಂದ ಸುಲ್ತಾನ ಎರಡು ಆಜ್ಞೆಗಳನ್ನು ಹೊರಡಿಸಿದ ಎಂದು ಫೆರಿಷ್ತಾ ಬರೆಯುತ್ತಾನೆ. ಒಂದು, ಇರಾಕ್, ಖುರಾಸಾನ್, ಮಧ್ಯ ಏಷ್ಯಾ, ತುರ್ಕಿ, ಅರಬ್ ನಾಡುಗಳಿಂದ 3,000 ಬಿಲ್ಲುಗಾರರ ಪಡೆಯನ್ನು ಕಟ್ಟುವುದು. ಇದರ ಹೊಣೆ ಖಲಫ್ ಹಸನನದು. ಎರಡು, ಅಧಿಕಾರಿಗಳೆಲ್ಲ ತಾವೂ ಬಿಲ್ವಿದ್ಯೆಯ ಅಭ್ಯಾಸ ಮಾಡಬೇಕು, ತಮ್ಮ ಮಕ್ಕಳಿಗೂ ಕಲಿಸಬೇಕು. ಇವುಗಳಲ್ಲಿ ಯಾವುದು ಹೆಚ್ಚು ಮುಖ್ಯ ಎಂದು ತಿಳಿಯಲು ಬಿಲ್ಲು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಬೇಕು.

ಬಿಲ್ಲು ಮಾಡುವ ಕೆಲಸ ಏನು?

ಬರಿಗೈಯಿಂದ ಎಸೆಯುವ ವಸ್ತುವಿಗೆ ಒಂದು ವೇಗದ ಮಿತಿ ಇದೆ. ಕ್ರಿಕೆಟ್‌ನಲ್ಲಿ ದಾಖಲಾದ ಅತಿ ವೇಗದ ಎಸೆತ ಶೋಯಬ್ ಅಖ್ತರ್ 2003ರ ವಿಶ್ವಕಪ್‌ನಲ್ಲಿ ಹಾಕಿದ್ದು, ಗಂಟೆಗೆ 161.3 ಕಿಲೋಮೀಟರ್. ಚೆಂಡನ್ನು ಎಷ್ಟು ಹಗುರ ಮಾಡಿದರೂ ಈ ವೇಗ ದುಪ್ಪಟ್ಟಾಗುವುದಿಲ್ಲ. ಎಸೆಯುವಾಗ ನಮ್ಮ ತೋಳನ್ನೂ ಚೆಂಡಿನ ಜೊತೆಗೇ ಬೀಸಬೇಕು. ಶಕ್ತಿಯ ಬಹುಪಾಲು ಅದಕ್ಕೇ ಹೋಗುತ್ತದೆ. ಜೊತೆಗೆ, ಸ್ನಾಯು ವೇಗವಾಗಿ ಕುಗ್ಗುವಾಗ ಹೆಚ್ಚು ಬಲ ಕೊಡಲಾರದು. ನಿಧಾನವಾಗಿ ಎಳೆಯುವಾಗ ಮಾತ್ರ ಅದು ನಿಜವಾಗಿ ಬಲಶಾಲಿ.

ಬಿಲ್ಲು ಇರುವುದೇ ಈ ಕೊರತೆಯನ್ನು ದಾಟಲು. ಒಂದು ಲೆಕ್ಕ ಹಾಕೋಣ. ಪೂರ್ತಿ ಎಳೆದಾಗ 30 ಕಿಲೋ ತೂಕ ಎತ್ತಿದಷ್ಟು ಬಲ ಬೇಡುವ ಒಂದು ಬಿಲ್ಲನ್ನು 65 ಸೆಂಟಿಮೀಟರ್ ಎಳೆದೆವು ಎಂದುಕೊಳ್ಳಿ. ಅದರಲ್ಲಿ ಸುಮಾರು 100 ಜೂಲ್ ಶಕ್ತಿ ಕೂಡಿಕೊಳ್ಳುತ್ತದೆ. ಎಳೆಯಲು ಒಂದು ಸೆಕೆಂಡ್ ತೆಗೆದುಕೊಂಡರೆ ನಮ್ಮ ದೇಹ ದುಡಿದದ್ದು 100 ವ್ಯಾಟ್ ಮಾತ್ರ, ಒಂದು ಹಳೆಯ ಬಲ್ಬಿನಷ್ಟು. ಅದರಲ್ಲಿ 60 ಜೂಲ್ 30 ಗ್ರಾಂ ತೂಕದ ಬಾಣಕ್ಕೆ ಸಿಕ್ಕರೂ ಬಾಣ ಗಂಟೆಗೆ 225 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಹೊರಡುತ್ತದೆ. ಈ ಬಿಡುಗಡೆಗೆ ಬೇಕಾಗುವ ಕಾಲ ಸೆಕೆಂಡಿನ ಐವತ್ತನೇ ಒಂದು ಭಾಗ. ಆ ಕ್ಷಣದಲ್ಲಿ ಬಾಣಕ್ಕೆ ಸಿಗುವ ಸಾಮರ್ಥ್ಯ 3,000 ವ್ಯಾಟ್, ಸುಮಾರು ನಾಲ್ಕು ಅಶ್ವಶಕ್ತಿ.

ಬಿಲ್ಲು ಹೊಸ ಶಕ್ತಿಯನ್ನು ಹುಟ್ಟಿಸುವುದಿಲ್ಲ. ನಿಧಾನವಾಗಿ ಕೊಟ್ಟದ್ದನ್ನು ಕೂಡಿಟ್ಟುಕೊಂಡು, ಒಮ್ಮೆಲೇ ಹಿಂದಿರುಗಿಸುತ್ತದೆ. ಹೀಗಾಗಿ ಒಳ್ಳೆಯ ಬಿಲ್ಲು ಎಂದರೆ ಹೆಚ್ಚು ಕೂಡಿಟ್ಟು, ಕಡಿಮೆ ಸೋರಿಸುವ ಬಿಲ್ಲು.

ಕೊಂಬು, ಮರ ಮತ್ತು ನರ

ಬಿಲ್ಲು ನಮ್ಮ ನಾಡಿಗೆ ಹೊಸದಾಗಿರಲಿಲ್ಲ. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದ ವೀರರನ್ನು ನಾವು ಕಾಣುತ್ತೇವೆ. ಬಿದಿರಿನ ಉದ್ದನೆಯ ಬಿಲ್ಲು ಭಾರತದಲ್ಲಿ ಬಹಳ ಹಿಂದಿನಿಂದ ಇತ್ತು. ಆದರೆ ಒಂದೇ ಮರದ ತುಂಡಿನ ಬಿಲ್ಲಿಗೆ ಒಂದು ತೊಂದರೆ ಇದೆ. ಬಾಗಿದಾಗ ಅದರ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಮರ ತನ್ನ ಉದ್ದದ ಸುಮಾರು ಶೇಕಡಾ ಒಂದರಷ್ಟು ಹಿಗ್ಗುವಷ್ಟರಲ್ಲೇ ಸೀಳಲು ತೊಡಗುತ್ತದೆ. ಅದಕ್ಕೇ ಬಿಲ್ಲನ್ನು ಆಳೆತ್ತರ ಮಾಡಬೇಕು. ಆಳೆತ್ತರದ ಬಿಲ್ಲನ್ನು ಓಡುವ ಕುದುರೆಯ ಮೇಲೆ ಎಡಕ್ಕೂ ಬಲಕ್ಕೂ ತಿರುಗಿಸುವುದು ಕಷ್ಟ.

ಮಧ್ಯ ಮತ್ತು ಪಶ್ಚಿಮ ಏಷ್ಯಾದ ಸವಾರರು ಬಳಸುತ್ತಿದ್ದದ್ದು ಹಲವು ವಸ್ತುಗಳನ್ನು ಅಂಟಿಸಿ ಮಾಡಿದ ಬಿಲ್ಲು. ನಡುವೆ ತೆಳು ಮರ. ಹಿಗ್ಗುವ ಹೊರಮೈಗೆ ಪ್ರಾಣಿಯ ಸ್ನಾಯುರಜ್ಜು, ಅಂದರೆ ನಾವು ಆಡುಮಾತಿನಲ್ಲಿ ನರ ಎನ್ನುವ ಗಟ್ಟಿ ನಾರು. ಕುಗ್ಗುವ ಒಳಮೈಗೆ ಕೊಂಬಿನ ಪಟ್ಟಿ. ಇವನ್ನೆಲ್ಲ ಹಿಡಿದಿಡುವುದು ಚರ್ಮ ಮುಂತಾದವನ್ನು ಕುದಿಸಿ ತೆಗೆದ ಅಂಟು. ನಾರು ಮರಕ್ಕಿಂತ ಹೆಚ್ಚು ಹಿಗ್ಗಬಲ್ಲದು, ಕೊಂಬು ಮರಕ್ಕಿಂತ ಹೆಚ್ಚು ಒತ್ತಡ ತಾಳಬಲ್ಲದು. ಹೀಗಾಗಿ ಗಿಡ್ಡ ಬಿಲ್ಲನ್ನೂ ಉದ್ದಕ್ಕೆ ಎಳೆಯಬಹುದು. ಹೆದೆ ಕಟ್ಟುವ ಮೊದಲು ಅದು ಎದುರು ದಿಕ್ಕಿಗೆ ಬಾಗಿರುವುದರಿಂದ, ಎಳೆಯಲು ಶುರು ಮಾಡಿದ ಕೂಡಲೇ ಬಿಗಿ ಸಿಕ್ಕಿ ಹೆಚ್ಚು ಶಕ್ತಿ ಕೂಡಿಕೊಳ್ಳುತ್ತದೆ.

ಇದರ ಜೊತೆಗೆ ಇನ್ನೆರಡು ಸಣ್ಣ ಸಲಕರಣೆಗಳು. ಮೊದಲನೆಯದು ರಿಕಾಪು, ಅಂದರೆ ಸವಾರ ಕಾಲಿಡುವ ಲೋಹದ ಬಳೆ. ಅದರ ಮೇಲೆ ಎದ್ದು ನಿಂತರೆ ಕುದುರೆಯ ಕುಲುಕಾಟವನ್ನು ಮೊಣಕಾಲು ನುಂಗಿಕೊಳ್ಳುತ್ತದೆ, ಗುರಿ ಸ್ಥಿರವಾಗುತ್ತದೆ. ಎರಡನೆಯದು ಹೆಬ್ಬೆರಳಿನ ಉಂಗುರ. ಗಿಡ್ಡ ಬಿಲ್ಲಿನ ಹೆದೆ ಚೂಪಾದ ಕೋನದಲ್ಲಿ ಮಡಿಯುವುದರಿಂದ ಮೂರು ಬೆರಳುಗಳಿಂದ ಎಳೆದರೆ ಬೆರಳು ಜಜ್ಜುತ್ತದೆ. ಉಂಗುರ ತೊಟ್ಟ ಒಂದೇ ಹೆಬ್ಬೆರಳಿನಿಂದ ಎಳೆದರೆ ಆ ತೊಂದರೆ ಇಲ್ಲ.

ಈ ಬಿಲ್ಲಿಗೂ ಒಂದು ದೌರ್ಬಲ್ಯವಿತ್ತು, ಅದು ತೇವ. ಪ್ರಾಣಿಜನ್ಯ ಅಂಟು ಮಳೆಗಾಲದ ಗಾಳಿಯಲ್ಲಿ ಮೆತ್ತಗಾಗುತ್ತದೆ. ಮುಂದೆ ಭಾರತದಲ್ಲಿ ಉಕ್ಕಿನ ಬಿಲ್ಲುಗಳನ್ನು ಮಾಡಿದ್ದಕ್ಕೆ ಇದೂ ಒಂದು ಕಾರಣ. ಉಕ್ಕಿನ ಬಿಲ್ಲು ಹೆಚ್ಚು ಭಾರ, ಬಾಣವನ್ನು ಅಷ್ಟು ವೇಗವಾಗಿ ತಳ್ಳಲಾರದು, ಆದರೆ ಕೋಠಿಯಲ್ಲಿ ವರ್ಷಗಟ್ಟಲೆ ಇಟ್ಟರೂ ಅಂಟು ಬಿಡುವ ಭಯವಿಲ್ಲ.

ಉಪಕರಣ ಕೊಂಡರೆ ಸಾಕೇ?

ಹಾಗಾದರೆ ಒಳ್ಳೆಯ ಬಿಲ್ಲುಗಳನ್ನು ತರಿಸಿಕೊಂಡು ಸೈನಿಕರಿಗೆ ಹಂಚಿದ್ದರೆ ಆಗುತ್ತಿರಲಿಲ್ಲವೇ? ಆಗುತ್ತಿರಲಿಲ್ಲ. ಬಲವಾದ ಬಿಲ್ಲು ಎಳೆಯುವುದು ತೋಳಿನ ಕೆಲಸ ಎಂದು ಅನೇಕರು ನಂಬುತ್ತಾರೆ. ನಿಜದಲ್ಲಿ ಹೊರೆಯ ಹೆಚ್ಚಿನ ಪಾಲನ್ನು ಹೊರುವುದು ಬೆನ್ನಿನ ಮೇಲ್ಭಾಗದ, ಭುಜದ ಹಲಗೆಯನ್ನು ಹಿಂದಕ್ಕೆ ಸೆಳೆಯುವ ಸ್ನಾಯುಗಳು. ಈ ಸ್ನಾಯುಗಳು ವರ್ಷಗಟ್ಟಲೆ ಅಭ್ಯಾಸದಿಂದ ನಿಧಾನವಾಗಿ ಹದಗೊಳ್ಳುತ್ತವೆ. ಸ್ನಾಯುರಜ್ಜುಗಳು ಸ್ನಾಯುಗಳಿಗಿಂತಲೂ ನಿಧಾನ. ಆತುರದಿಂದ ಭಾರದ ಬಿಲ್ಲಿಗೆ ಹೋದವರಿಗೆ ಭುಜದ ಕೀಲಿನ ಸುತ್ತಲಿನ ರಜ್ಜುಗಳು ಗಾಯಗೊಳ್ಳುವುದು ಇಂದಿನ ಬಿಲ್ಲುಗಾರರಲ್ಲೂ ಕಾಣುವ ಸಮಸ್ಯೆ.

ಇದಕ್ಕೆ ಮೂಳೆಯ ಸಾಕ್ಷಿಯೂ ಇದೆ. 1545ರಲ್ಲಿ ಇಂಗ್ಲೆಂಡಿನ ಮೇರಿ ರೋಸ್ ಎಂಬ ಯುದ್ಧನೌಕೆ ಮುಳುಗಿತು. ಅದರಲ್ಲಿ ಸಿಕ್ಕ ಅಸ್ಥಿಪಂಜರಗಳಲ್ಲಿ ಭುಜದ ತುದಿಯ ಒಂದು ಮೂಳೆ ವಯಸ್ಕರಲ್ಲೂ ಕೂಡಿಕೊಳ್ಳದೆ ಬಿಟ್ಟುಕೊಂಡಿದ್ದುದು ಸಾಮಾನ್ಯಕ್ಕಿಂತ ಹೆಚ್ಚಾಗಿ ಕಂಡಿತು. ಎಳೆಯ ವಯಸ್ಸಿನಿಂದಲೇ ಭಾರದ ಬಿಲ್ಲು ಎಳೆದದ್ದು ಇದಕ್ಕೆ ಕಾರಣವಿರಬಹುದು ಎಂದು ಸಂಶೋಧಕರು ಹೇಳುತ್ತಾರೆ. ಇಂಗ್ಲೆಂಡಿನ ರಾಜ ಮೂರನೇ ಎಡ್ವರ್ಡ್ 1363ರಲ್ಲೇ ರಜಾ ದಿನಗಳಲ್ಲಿ ಗಂಡಸರು ಬಿಲ್ವಿದ್ಯೆಯ ಅಭ್ಯಾಸ ಮಾಡಬೇಕೆಂದು ಆಜ್ಞೆ ಮಾಡಿದ್ದ. ಎರಡು ದೂರದ ನಾಡುಗಳ ದೊರೆಗಳು ಒಂದೇ ತೀರ್ಮಾನಕ್ಕೆ ಬಂದಿದ್ದರು. ಬಿಲ್ಲನ್ನು ಕೊಳ್ಳಬಹುದು, ಬಿಲ್ಲುಗಾರನನ್ನು ಬೆಳೆಸಬೇಕು.

ಈ ದೃಷ್ಟಿಯಿಂದ ಅಹ್ಮದ್ ಶಾನ ಎರಡನೇ ಆಜ್ಞೆಯೇ ಹೆಚ್ಚು ದೂರದೃಷ್ಟಿಯದು. ಹೊರಗಿನ ಬಿಲ್ಲುಗಾರರ ಕೌಶಲ ಅವರ ರಕ್ತದಿಂದ ಬಂದದ್ದಲ್ಲ, ಎಳವೆಯ ಅಭ್ಯಾಸದಿಂದ ಬಂದದ್ದು. ಆದ್ದರಿಂದ ಬೀದರದ ಮಕ್ಕಳೂ ಅದನ್ನು ಕಲಿಯಬಹುದಾಗಿತ್ತು.

ವಿಜಯನಗರದ ಸಭೆಯಲ್ಲಿ ಅದೇ ಪ್ರಶ್ನೆ

ಎದುರಾಳಿಗಳೂ ಇದನ್ನು ಗಮನಿಸಿದರು. ಇಮ್ಮಡಿ ದೇವರಾಯ 1424ರಿಂದ 1446ರವರೆಗೆ ವಿಜಯನಗರವನ್ನು ಆಳಿದ. ಸೈನ್ಯ ದೊಡ್ಡದಿದ್ದರೂ ಬಹಮನಿಗಳ ಎದುರು ತಾವು ಮತ್ತೆ ಮತ್ತೆ ಸೋಲುವುದೇಕೆ ಎಂದು ಅವನು ಸಭೆ ಕರೆದು ಕೇಳಿದ ಎಂದು ಫೆರಿಷ್ತಾ ಬರೆಯುತ್ತಾನೆ. ಕೆಲವರು ಅದು ವಿಧಿ ಎಂದರು. ಇನ್ನು ಕೆಲವರು ಅಳೆಯಬಹುದಾದ ಎರಡು ಕಾರಣ ಕೊಟ್ಟರು. ಅವರ ಕುದುರೆಗಳು ಹೆಚ್ಚು ದಣಿವು ತಾಳುತ್ತವೆ, ಅವರ ಬಿಲ್ಲುಗಾರರು ನಮ್ಮವರಿಗಿಂತ ನುರಿತವರು.

ದೇವರಾಯ ಎರಡನೇ ಉತ್ತರವನ್ನು ಒಪ್ಪಿದ. ಮುಸ್ಲಿಂ ಬಿಲ್ಲುಗಾರರನ್ನು ಸೈನ್ಯಕ್ಕೆ ಸೇರಿಸಿಕೊಂಡು, ಭೂಮಿ ಕೊಟ್ಟು, ತನ್ನ ಸೈನಿಕರಿಗೆ ಆ ವಿದ್ಯೆಯನ್ನು ಕಲಿಸಲು ಹಚ್ಚಿದ. ಅವನ ಸೇವೆಯಲ್ಲಿ ಮುಸ್ಲಿಂ ಅಧಿಕಾರಿಗಳಿದ್ದರು ಎಂಬುದಕ್ಕೆ ಹಂಪಿಯಲ್ಲೇ ಕಲ್ಲಿನ ಸಾಕ್ಷಿಯಿದೆ. ಅಹ್ಮದ್ ಖಾನ್ ಎಂಬ ಅಧಿಕಾರಿ ಕಟ್ಟಿಸಿದ ಮಸೀದಿಯ ಶಾಸನದ ಕಾಲ 1439. ಬಲ ಹುಟ್ಟಿನಿಂದ ಬರುವಂಥದ್ದಾಗಿದ್ದರೆ ಈ ಕಲಿಕೆಗೆ ಅರ್ಥವೇ ಇರುತ್ತಿರಲಿಲ್ಲ.

ಲೆಕ್ಕಕ್ಕೆ ಸಿಗದ ಬೆಲೆ

ಅಹ್ಮದ್ ಶಾನ ಆಳ್ವಿಕೆ ಹೊರಗಿನಿಂದ ನೋಡಿದರೆ ಯಶಸ್ಸಿನದು. 1420ರ ದಶಕದಲ್ಲಿ ವಾರಂಗಲ್ ಅವನ ಕೈಸೇರಿತು, ಮಾಳವದ ಸುಲ್ತಾನ ಸೋತ. ರಾಜಧಾನಿ ಬೀದರಕ್ಕೆ ಬಂತು, ಹೊಸ ಕೋಟೆ 1432ರ ಹೊತ್ತಿಗೆ ಎದ್ದು ನಿಂತಿತು. ಬರಗಾಲದಲ್ಲಿ ಅವನು ಬಯಲಿಗೆ ಹೋಗಿ ಪ್ರಾರ್ಥಿಸಿದಾಗ ಮಳೆ ಬಂದದ್ದರಿಂದ ವಲಿ ಎಂಬ ಹೆಸರು ಬಂತು ಎಂಬ ಕತೆಯಿದೆ. ಇರಾನಿನ ಮಾಹಾನದ ಸೂಫಿ ಸಂತ ಶಾ ನೇಮತುಲ್ಲಾನಲ್ಲಿ ಅವನಿಗೆ ಭಕ್ತಿಯಿತ್ತು. ಆ ಸಂತನ ಮೊಮ್ಮಗನನ್ನು ಬೀದರಕ್ಕೆ ಕರೆಸಿಕೊಂಡ.

ಆದರೆ ಒಳಗೆ ಒಂದು ಬಿರುಕು ಬೆಳೆಯುತ್ತಿತ್ತು. ಹೊರಗಿನಿಂದ ಬಂದವರಿಗೆ, ಅಂದರೆ ಅಫಾಕಿಗಳಿಗೆ, ದೊಡ್ಡ ಪದವಿಗಳು ಸಿಕ್ಕವು. ತಲೆಮಾರುಗಳಿಂದ ಇಲ್ಲೇ ಇದ್ದ ದಖ್ಖನಿಗಳು ಹಿಂದೆ ಉಳಿದರು. ಕಲಿತವರಿಂದ ಕಲಿಯಬೇಕು ಎಂಬ ಮಾತು, ಹೊರಗಿನವರೇ ಮೇಲು ಎಂಬ ಮಾತಾಗಿ ಬದಲಾಯಿತು. ಮಣ್ಣಿನ ಬಲದ ಕತೆ ಈಗ ಕುಲದ ಬಲದ ಕತೆಯಾಗಿ ಹಿಂದಿರುಗಿ ಬಂದಿತ್ತು.

ಅಹ್ಮದ್ ಶಾ 1436ರಲ್ಲಿ ತೀರಿಕೊಂಡ. ಅವನ ಮಗನ ಕಾಲದಲ್ಲಿ ಖಲಫ್ ಹಸನ್ ಕೊಂಕಣದ ದಂಡಯಾತ್ರೆಯಲ್ಲಿ ಸತ್ತ. ಉಳಿದು ಬಂದ ಅಫಾಕಿಗಳು ಚಾಕಣದಲ್ಲಿ ಕೊಲೆಯಾದರು. 1481ರಲ್ಲಿ ಬೀದರದ ಮದರಸಾ ಕಟ್ಟಿಸಿದ ಮಂತ್ರಿ ಮಹಮೂದ್ ಗವಾನ್ ಸುಳ್ಳು ಪತ್ರವೊಂದರ ಕಾರಣ ಮರಣದಂಡನೆಗೆ ಗುರಿಯಾದ. ಅವನೂ ಅಫಾಕಿ. ಅದಾದ ಮೇಲೆ ರಾಜ್ಯ ಒಡೆದು ಐದು ಹೋಳಾಯಿತು. ಇದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಸುಲ್ತಾನನ ಎರಡು ಆಜ್ಞೆಗಳಲ್ಲಿ ಮೊದಲನೆಯದು ರಾಜ್ಯದಲ್ಲಿ ಬೇರೂರಿದಷ್ಟು ಎರಡನೆಯದು ಬೇರೂರಲಿಲ್ಲ ಎಂಬುದು ಈ ಇತಿಹಾಸದಿಂದ ನಮಗೆ ತೋರುವ ಪಾಠ.

ಇಂದಿನ ಬಿಲ್ಲು, ಅದೇ ಪಾಠ

ಇಂದು ಬಿಲ್ಲು ಆಟದ ಉಪಕರಣ. ಕೊಂಬು ಮತ್ತು ನರದ ಜಾಗದಲ್ಲಿ ಕಾರ್ಬನ್ ಫೈಬರ್ ಬಂದಿದೆ. ಆದರೆ ಬೇರೆ ಬೇರೆ ಗುಣದ ಪದರಗಳನ್ನು ಅಂಟಿಸುವ ಉಪಾಯ ಹಳೆಯದೇ. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರದಿಂದ ಹೊಡೆಯುವ ಗುರಿಯ ನಡುವಿನ ಹತ್ತು ಅಂಕದ ವೃತ್ತ 12.2 ಸೆಂಟಿಮೀಟರ್ ಅಗಲ. ಅಮೆರಿಕದ ಹೋಲ್ಲೆಸ್ ವಿಲ್ಬರ್ ಅಲೆನ್ 1960ರ ದಶಕದಲ್ಲಿ ರೂಪಿಸಿದ ಕಾಂಪೌಂಡ್ ಬಿಲ್ಲಿನಲ್ಲಿ ರಾಟೆಗಳಿವೆ. ಪೂರ್ತಿ ಎಳೆದ ಮೇಲೆ ಹಿಡಿದಿಡಲು ಬೇಕಾದ ಬಲ ಬಹಳ ಕಡಿಮೆಯಾಗುತ್ತದೆ, ಗುರಿಗೆ ಸಮಯ ಸಿಗುತ್ತದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಬಿಲ್ಲಿನ ಮಿಶ್ರ ತಂಡ ಸ್ಪರ್ಧೆಯನ್ನೂ ಸೇರಿಸಲಾಗಿದೆ.

ಜಮ್ಮು ಕಾಶ್ಮೀರದ ಶೀತಲ್ ದೇವಿ ಹುಟ್ಟಿನಿಂದ ತೋಳುಗಳಿಲ್ಲದವರು. ಕಾಲಿನಿಂದ ಕಾಂಪೌಂಡ್ ಬಿಲ್ಲು ಹಿಡಿದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಮಿಶ್ರ ತಂಡದ ಕಂಚು ಗೆದ್ದರು. ಬಿಲ್ಲುಗಾರನಿಗೆ ಬೇಕಾದದ್ದು ತೋಳಿನ ಬಲ ಎಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಅವರಿಗೆ ರಾಟೆಯ ಬಿಲ್ಲು ನೆರವಾಯಿತು, ನಿಜ. ಅದೇ ಬಿಲ್ಲು ಅಂಗಡಿಯಲ್ಲಿ ಯಾರಿಗೂ ಸಿಗುತ್ತದೆ, ಪದಕ ಮಾತ್ರ ಅಭ್ಯಾಸದವರಿಗೆ.

ಮಕ್ಕಳಿಗೆ ಆಟ ಕಲಿಸುವವರಿಗೂ ಇದು ಅನ್ವಯಿಸುತ್ತದೆ. ದುಬಾರಿ ಬ್ಯಾಟು, ಶೂ, ಹೆಜ್ಜೆ ಎಣಿಸುವ ಗಡಿಯಾರ ಕೊಡಿಸುವುದು ತಪ್ಪಲ್ಲ. ಆದರೆ ಉಪಕರಣ ದೇಹ ಕೊಟ್ಟದ್ದನ್ನು ಹೆಚ್ಚಿಸಬಲ್ಲದು, ಕೊಡದಿದ್ದುದನ್ನು ಹುಟ್ಟಿಸಲಾರದು. ಎಳೆಯ ಭುಜಕ್ಕೆ ಹಗುರ ಬಿಲ್ಲು, ನಿಧಾನವಾಗಿ ಏರುವ ತೂಕ, ನೋಡಿಕೊಳ್ಳಲು ಒಬ್ಬ ತಿಳಿದ ಗುರು, ಇಷ್ಟಿದ್ದರೆ ಗಾಯ ಕಡಿಮೆ, ಕಲಿಕೆ ಹೆಚ್ಚು. ನಮ್ಮ ಊರಿನವರಿಗೆ ಆ ಆಟ ಒಗ್ಗುವುದಿಲ್ಲ, ಅದು ಅವರ ರಕ್ತದಲ್ಲೇ ಇದೆ ಎನ್ನುವ ಮಾತು ಕಿವಿಗೆ ಬಿದ್ದಾಗ, ಅಲ್ಲಿ ಯಾರಿಗೆ ಎಷ್ಟು ವಯಸ್ಸಿಗೆ ಅಭ್ಯಾಸ ಸಿಕ್ಕಿತು ಎಂದು ಮೊದಲು ಕೇಳಬೇಕು.

ಅಷ್ಟೂರಿನಲ್ಲಿ ಉಳಿದದ್ದು

ಬೀದರ, ಭಾಲ್ಕಿ, ಔರಾದ ಕಡೆಯ ಜಾತ್ರೆಗಳಲ್ಲಿ ಕುಸ್ತಿ ಇಂದಿಗೂ ಜೀವಂತ. ಅದಕ್ಕೆ ಬೇಕಾದದ್ದು ಮಣ್ಣಿನ ಅಖಾಡ ಮತ್ತು ಒಬ್ಬ ಉಸ್ತಾದ. ಬಿಲ್ಲು ಮಾತ್ರ ತೋಪು ಬಂದೂಕುಗಳು ಬಂದ ಮೇಲೆ ಸೈನ್ಯದಿಂದ ಮರೆಯಾಯಿತು. ಅದನ್ನು ಕಟ್ಟುವವರು ಹೋದರು, ಕಲಿಸುವವರೂ ಹೋದರು. ಉಪಕರಣಕ್ಕೆ ಅಂಟಿಕೊಂಡ ಕೌಶಲ ಉಪಕರಣದ ಜೊತೆಗೇ ಸಾಯುತ್ತದೆ.

ಅಹ್ಮದ್ ಶಾನ ಗುಂಬಜ್‌ನ ಒಳಗೋಡೆಗಳಲ್ಲಿ ಬಂಗಾರದ, ಕೆಂಪು, ನೀಲಿ ಬಣ್ಣಗಳ ಸೊಗಸಾದ ಬರಹ ಇನ್ನೂ ಉಳಿದಿದೆ. ಹೋಳಿಯ ನಂತರದ ದಿನಗಳಲ್ಲಿ ಇಲ್ಲಿ ಜಾತ್ರೆ ಸೇರುತ್ತದೆ. ಕಲಬುರಗಿ ಕಡೆಯಿಂದ ಬರುವ ಜಂಗಮರು ಶಂಖ ಊದಿ ಹೂವು ಏರಿಸುತ್ತಾರೆ, ಮುಸ್ಲಿಮರು ಫಾತಿಹಾ ಓದುತ್ತಾರೆ. ಹೊರಗಿನವರು ಮತ್ತು ಒಳಗಿನವರು ಎಂಬ ಜಗಳದಲ್ಲಿ ಅವನ ರಾಜ್ಯ ಒಡೆಯಿತು. ಅವನ ಗೋರಿಯ ಮುಂದೆ ಆ ಭೇದ ಯಾರೂ ಕೇಳುವುದಿಲ್ಲ.